ತಾಳಿ ಬಿಚ್ಚಲು ಬಿಡದವಳು

ಶೈಲಾ, ಅವತ್ತು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಿನ್ನ ತಾಳಿ ಬಿಚ್ಚಲು ನಾನು ಬಿಡದಿದ್ದುದು ಭಕ್ತಿಯಿಂದಲ್ಲ. ನಿನ್ನ ತಲೆನೋವು ನಿಜವೆಂದು ಸಾಬೀತಾಗುವುದು ನನಗೆ ಬೇಡವಾಗಿತ್ತು — ಅಷ್ಟೇ.

ಸೊಸೆಯಾಗಿ ಬಂದ ದಿನದಿಂದಲೂ ನೀನು ನನ್ನ ಕಣ್ಣಿಗೆ ಮೈಗಳ್ಳಿ. ಕೆಮ್ಮಿದರೆ ತಲೆಯ ಹಿಂಭಾಗ ಸಿಡಿಯುತ್ತದೆ ಎನ್ನುತ್ತಿದ್ದೆ, ನಕ್ಕರೂ ನೋವು ಎನ್ನುತ್ತಿದ್ದೆ, ಕೈ ಜೋಮು ಹಿಡಿದು ರೊಟ್ಟಿ ಬಡಿಯಲಾಗುವುದಿಲ್ಲ ಎನ್ನುತ್ತಿದ್ದೆ. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಅಪಾರ್ಟ್‌ಮೆಂಟಿನ ಹೆಂಗಸರೆದುರು ಆಡಿಕೊಂಡೆ. ನೀನು ನಮ್ಮ ಮನೆಯಲ್ಲಿ ನಗುವುದನ್ನೇ ಬಿಟ್ಟೆ. ಅದು ನನಗೆ ಹಿತವಾಗಿತ್ತು — ಹೌದು, ಹಿತವಾಗಿತ್ತು.

ಡಾಕ್ಟರು ಎಂ.ಆರ್.ಐ. ಬರೆದುಕೊಟ್ಟರು. ಮಗ ಬಸವರಾಜ ಅತ್ತಿಬೆಲೆಯಲ್ಲಿ ಡ್ಯೂಟಿಯಲ್ಲಿದ್ದ, ಚಂದಾಪುರಕ್ಕೆ ನಿನ್ನ ಜೊತೆ ನಾನೇ ಬಂದೆ. "ಮೆಟಲ್ ಏನೂ ಇರ್ಬಾರ್ದು ಅಮ್ಮ, ತಾಳಿ, ಕಾಲುಂಗುರ ಎಲ್ಲಾ ತೆಗೀಬೇಕು" ಎಂದಳು ಅಲ್ಲಿನ ಹುಡುಗಿ. ನನಗೆ ಬೇಕಾಗಿದ್ದ ನೆಪ ಸಿಕ್ಕಿತು.

"ನನ್ನ ಮಗ ಗುಂಡುಕಲ್ಲಿನಂಗ ಅದಾನ. ತಾಳಿ ಬಿಚ್ಚು ಅನ್ನಾಕ ನಾಲಿಗಿ ಹೆಂಗ ಬರ್ತೈತಿ ನಿಂಗ?"

ನೀನು ಅಳುತ್ತ ನನ್ನ ಹಿಂದೆಯೇ ಹೊರಟುಬಂದೆ.

ಯಾವ ಭಕ್ತಿ! ನನ್ನ ತಾಳಿಯ ಸರ ಸವೆದು ಅಕ್ಕಸಾಲಿಗನ ಹತ್ತಿರ ಹೋದಾಗಲೆಲ್ಲ ಅರಿಶಿನಕೊಂಬಿನ ದಾರ ಕೊರಳಿಗೆ ಕಟ್ಟಿಕೊಂಡು ಆರಾಮಾಗಿ ಓಡಾಡಿದವಳು ನಾನು. ನಿನ್ನ ಮಾವನಿಗೆ ಆಗ ನೆಗಡಿಯೂ ಬರಲಿಲ್ಲ. ಆ ದಾರದ ಮಾತು ಅವತ್ತು ಬಾಯಿಯವರೆಗೆ ಬಂದಿತ್ತು, ನುಂಗಿದೆ. ಮಗನಿಗೆ "ಗ್ಯಾಸಿನ ತಲಿನೋವು, ಮುಂದ ನೋಡೋಣು" ಎಂದೆ. ಅವನು ನಂಬಿದ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ನಿನ್ನ ಬೆರಳುಗಳು ಕಾದ ಹಂಚಿನ ಮೇಲಿದ್ದವು. ಚರ್ಮ ಸುಟ್ಟ ವಾಸನೆ ನನಗೆ ಬಂತು, ನಿನಗೆ ಉರಿ ಗೊತ್ತೇ ಆಗಿರಲಿಲ್ಲ. ಬಸವರಾಜ ನಿನ್ನನ್ನು ಎಂ.ಆರ್.ಐ.ಗೆ ಕರೆದೊಯ್ದದ್ದು ಆಗ. ಚಿತ್ರ ತೋರಿಸಿ ಡಾಕ್ಟರು ಹೇಳಿದರು — ಹುಟ್ಟಿನಿಂದಲೇ ತಲೆಬುರುಡೆಯ ತಳದಲ್ಲಿ ಜಾಗ ಸಾಲದು, ಹಿಮ್ಮೆದುಳಿನ ತುದಿ ಕುತ್ತಿಗೆಗೆ ಇಳಿದಿದೆ, ಬೆನ್ನುಹುರಿಯೊಳಗೆ ನೀರು ತುಂಬಿದೆ. "ಮೊದ್ಲೇ ಬಂದಿದ್ರೆ ಕೈ ಉಳೀತಿತ್ತೇನೋ…" ಎಂದರು. ಆಪರೇಷನ್ನಿನಿಂದ ತಲೆನೋವು ಹೋಯಿತು. ಕೈಗಳಿಗೆ ಬಿಸಿ ತಂಪಿನ ಅರಿವು ಮರಳಲಿಲ್ಲ.

ಆಮೇಲೂ ಯಾರಾದರೂ ಕೇಳಿದರೆ ನೀನು "ಅತ್ತಿಯವರ್ದು ಏನ್ ತಪ್ಪೈತ್ರಿ, ಅವರ ನಂಬಿಕಿ ಅದು" ಎನ್ನುತ್ತೀಯ. ಹೆಂಗಸರು ನನ್ನನ್ನು ದೊಡ್ಡ ಶರಣೆ ಎಂದು ಹೊಗಳುತ್ತಾರೆ, ನಾನು ತಲೆಬಾಗಿ ಕೇಳಿಸಿಕೊಳ್ಳುತ್ತೇನೆ. ಥೂ, ನನ್ನ ಜನ್ಮಕ್ಕೆ! ಇನ್ನು ಸಾಕು. ಈ ಕಾಗದವನ್ನು ಬಸವರಾಜನಿಗೂ ಓದಿಸು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆಯೂ ನಿನ್ನ ಕೂಸಿಗೆ ನೀರೆರೆಯಲು ಕುಳಿತು ನೀನು ನನ್ನನ್ನು ಕರೆದೆ. "ಅತ್ತಿ, ನೀರು ಸುಡತೈತೇನು ನೋಡ್ರಿ."

ನಾನು ಕೈ ಅದ್ದಿ "ಹದ ಐತಿ" ಎಂದೆ. ನೀನು ಕೂಡಲೇ ತಂಬಿಗೆ ತುಂಬಿ ಮಗುವಿನ ಮೈಮೇಲೆ ಹೊಯ್ದೆ.