ಅರ್ಧ ಸಂಪು ನೀರು

ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನ ಪಾಡು ಯಾರಿಗೂ ಬೇಡ. ಒಂದು ಪಕ್ಕದಲ್ಲಿ ಡ್ರಮ್ಮು, ಇನ್ನೊಂದು ಪಕ್ಕದಲ್ಲಿ ಟ್ರಂಪೆಟ್ಟು, ಎದುರಿಗೆ ಬಿರಿಯಾನಿ. ಶಿವಾಜಿನಗರ, ಹಲಸೂರಿನ ಛತ್ರಗಳಲ್ಲಿ ಅರ್ಧ ಆಯುಷ್ಯ ತಂತಿ ಮೀಟಿದ್ದ ಮುನೀರನ ಗಿಟಾರನ್ನು ಕಿವಿಗೊಟ್ಟು ಕೇಳಿದವರು ಒಬ್ಬರೂ ಇರಲಿಲ್ಲ. ಕಟ್ಟಿಕೊಂಡ ಹೆಂಡತಿ ಆಬಿದಾ ಕೂಡ ಅದನ್ನು ಕುಕ್ಕರಿನ ಸೀಟಿಯ ಹಾಗೆ ಮನೆಯ ಸದ್ದುಗಳಲ್ಲಿ ಒಂದು ಎಂದು ಸೇರಿಸಿಬಿಟ್ಟಿದ್ದಳು.

ಹಾಗಿರುವಾಗ ೧೯೯೬ರ ಬೇಸಿಗೆಯಲ್ಲಿ ಜೀವನ್ ಬಿಮಾ ನಗರದ ಲಕ್ಷ್ಮಿಕಾಂತ ಹೇಳಿ ಕಳಿಸಿದ. ಅವನದೊಂದು ಪುಟ್ಟ ಸ್ಟುಡಿಯೋ. ಭಾವಗೀತೆಗಳ ಕ್ಯಾಸೆಟ್ಟು ತಯಾರಾಗುತ್ತಿತ್ತು, ಮೊದಲ ಹಾಡಿಗೆ ಮುಂಚೆ ಗಿಟಾರ್ ಒಂದೇ ನುಡಿಯಬೇಕಿತ್ತು. ಡ್ರಮ್ಮಿಲ್ಲ, ಟ್ರಂಪೆಟ್ಟಿಲ್ಲ, ಸ್ವರವನ್ನು ಗೊರಗೊರ ಎನ್ನಿಸುವ ಯಂತ್ರವಿಲ್ಲ. ತಿಳಿಯಾದ ಬಿಡಿ ಸ್ವರ ಅಷ್ಟೇ. ಮುನೀರ ಇಂಥ ಒಂದು ಕರೆಗಾಗಿ ಎಷ್ಟು ವರ್ಷದಿಂದ ಕಾದಿದ್ದ ಎಂಬುದು ಅವನಿಗೂ ದೇವರಿಗೂ ಗೊತ್ತು.

ಆದರೆ ಗೋಡೆಗೆಲ್ಲ ಕಾರ್ಪೆಟ್ ಹೊಡೆದಿದ್ದ ಆ ಕೋಣೆಯಲ್ಲಿ ಸ್ವರ ಹುಟ್ಟಿದ ಕಡೆಯೇ ಸತ್ತು ಬೀಳುತ್ತಿತ್ತು. ತಿಳಿ ಸ್ವರಕ್ಕೆ ರಿವರ್ಬ್ ಬೇಕು. ತಂತಿ ನಿಂತ ಮೇಲೂ ನಾದ ಗಾಳಿಯಲ್ಲಿ ಒಂದಿಷ್ಟು ಹೊತ್ತು ಸುಳಿದಾಡಬೇಕು. ಸ್ಟುಡಿಯೋದಲ್ಲಿದ್ದ ಒಂದೇ ಒಂದು ರಿವರ್ಬ್ ಪೆಟ್ಟಿಗೆ ಕೆಟ್ಟು ರಿಪೇರಿಗೆಂದು ಮದ್ರಾಸಿಗೆ ಹೋಗಿತ್ತು.

"ತುಂಬಾ ಒಣಗಿದೆ ಗುರು," ಲಕ್ಷ್ಮಿಕಾಂತ ಅಂದ. "ಬೇಕಾದ್ರೆ ರೆಕಾರ್ಡರ್ ಮನೆಗೆ ತಗೊಂಡ್ಹೋಗಿ, ಯಾವ್ದಾದ್ರೂ ದೊಡ್ಡ ಹಾಲ್‌ನಲ್ಲಿ ನುಡಿಸ್ಕೊಂಡ್ ಬನ್ನಿ. ಸೋಮವಾರ ನೀವು ಬರ್ಲಿಲ್ಲ ಅಂದ್ರೆ ಕೀಬೋರ್ಡಲ್ಲೇ ಗಿಟಾರ್ ಸೌಂಡ್ ಇದೆ, ಅದನ್ನೇ ಹಾಕ್ಬಿಡ್ತೀನಿ."

ದೊಡ್ಡ ಹಾಲನ್ನು ಮುನೀರ ಎಲ್ಲಿಂದ ತರಬೇಕು? ಕಮ್ಮನಹಳ್ಳಿಯಲ್ಲಿ ಅವನಿದ್ದದ್ದು ಸುಭದ್ರಮ್ಮನವರ ವಠಾರದ ಒಂದೂವರೆ ಕೋಣೆಯಲ್ಲಿ. ಆ ವಠಾರದಲ್ಲಿ ದೊಡ್ಡದು ಅಂತ ಇದ್ದದ್ದು ಎರಡೇ: ಸುಭದ್ರಮ್ಮನವರ ಗಂಟಲು, ಮತ್ತು ಅಂಗಳದ ಕೆಳಗಿನ ನೀರಿನ ಸಂಪು. ವಿಮಾನದ ಕಾರ್ಖಾನೆಯಲ್ಲಿದ್ದು ಈಗ ತೀರಿಹೋಗಿದ್ದ ಅವರ ಯಜಮಾನರು ಮನೆ ಕಟ್ಟಿಸುವಾಗ ಹಟ ಹಿಡಿದು ಅಷ್ಟು ದೊಡ್ಡದು ಅಗೆಸಿದ್ದರಂತೆ. "ಊರಿಗೆಲ್ಲ ನೀರು ಹಂಚೋರ ಹಾಗೆ ಅಗೆಸಿಟ್ಟು ಹೋದ್ರು ಮಹಾರಾಯರು. ತುಂಬ್ಸೋ ಕರ್ಮ ನನಗೆ," ಎಂದು ನೀರು ಬಂದಾಗಲೆಲ್ಲ ಗೊಣಗುತ್ತಿದ್ದರು. ಗಂಡನ ಬಗ್ಗೆ ಅವರ ಬಾಯಿಂದ ಬೇರೆ ಮಾತು ಬಂದದ್ದನ್ನು ಬಾಡಿಗೆಯವರು ಯಾರೂ ಕೇಳಿರಲಿಲ್ಲ.

ನೀರು ತಳ ಕಂಡಾಗ ಬಾಡಿಗೆಯವರು ಸರದಿಯ ಮೇಲೆ ಸಂಪಿಗಿಳಿದು ಉಜ್ಜಬೇಕೆಂಬುದು ಅಲ್ಲಿಯ ಕಟ್ಟಳೆ. ಆ ವಾರ ಮುನೀರನ ಸರದಿ. ಏಣಿ ಇಳಿದು, "ಬಕೆಟ್ ಕೊಡೇ," ಎಂದು ಮೇಲಿದ್ದ ಆಬಿದಾಳಿಗೆ ಕೂಗಿದ. ಅವನ ದನಿ ನಾಲ್ಕೂ ಗೋಡೆ ಸುತ್ತಿ, ದುಂಡಗಾಗಿ, ಮೆತ್ತಗಾಗಿ ಅವನ ಹೆಗಲ ಮೇಲೆಯೇ ಬಂದಿಳಿಯಿತು. ಮೈ ಜುಮ್ಮೆಂದಿತು. ಒಂದು ಸ್ವರ ಎಳೆದು ನೋಡಿದ. ಬಾಯಿ ಮುಚ್ಚಿದ ಮೇಲೂ ಅದು ಕತ್ತಲಲ್ಲಿ ತನ್ನ ಪಾಡಿಗೆ ತಾನು ಹಾಡುತ್ತಲೇ ಇತ್ತು. ಮುನೀರ ಪೊರಕೆ ಹಿಡಿದು ಮಸೀದಿಯಲ್ಲಿ ನಿಂತವನಂತೆ ನಿಂತುಬಿಟ್ಟ. ಇಷ್ಟು ವರ್ಷ ಇದರ ಮುಚ್ಚಳದ ಮೇಲೆ ತಾನು ಸೈಕಲ್ಲು ನಿಲ್ಲಿಸುತ್ತಿದ್ದೆನಲ್ಲ ಎಂದು ನೆನೆದು ನಾಚಿಕೆಯಾಯಿತು. ಉಜ್ಜಿ ಮುಗಿದದ್ದೇ ಲಕ್ಷ್ಮಿಕಾಂತನ ರೆಕಾರ್ಡರನ್ನು ಅಂಗಳಕ್ಕೆ ತಂದಿಟ್ಟು, ತನ್ನ ಸ್ಪೀಕರಿಗೆ ಹಗ್ಗ ಕಟ್ಟಿದ.

"ಕುಡಿಯೋ ನೀರಿನ ಜಾಗಕ್ಕೆ ಅದೇನಪ್ಪಾ ಡಬ್ಬ ಇಳಿಸ್ತಿದ್ದೀಯ?" ಸುಭದ್ರಮ್ಮ ಬಂದೇ ಬಂದರು.

"ಸ್ಪೀಕರ್ ಅಮ್ಮ. ಹಗ್ಗದಲ್ಲಿ ನೇತಾಡುತ್ತೆ, ನೀರಿಗೆ ತಾಕಲ್ಲ. ಕರೆಂಟಿನದ್ದೆಲ್ಲ ಮೇಲೇನೇ ಇರುತ್ತೆ."

ಸ್ಪೀಕರನ್ನು ಎರಡು ಸಲ ಒರೆಸಿದ ಮೇಲೆ ಅಪ್ಪಣೆ ಸಿಕ್ಕಿತು. ಸ್ಪೀಕರಿನ ನಾದ ಹಿಡಿದು ರೆಕಾರ್ಡರಿಗೆ ಕಳಿಸಲು ಪಕ್ಕದಲ್ಲೇ ಮೈಕನ್ನೂ ಇಳಿಬಿಟ್ಟು, ಮುನೀರ ಅಂಗಳದಲ್ಲಿ ಕೂತು ಗಿಟಾರ್ ಮೀಟಿದ. ಖಾಲಿ ಸಂಪಿನಲ್ಲಿ ಸ್ವರದ ಮೇಲೆ ಸ್ವರ ಬಿದ್ದು, ನೀರು ಹೆಚ್ಚಾದ ಅನ್ನದ ಹಾಗೆ ಎಲ್ಲ ಒಂದೇ ಮುದ್ದೆಯಾಯಿತು. ಮಾರನೆಯ ದಿನ ನಲ್ಲಿಯಲ್ಲಿ ನೀರು ಬಂದು ಸಂಪು ತುಂಬಿತು. ಆಗ ನುಡಿಸಿದರೆ ಬಚ್ಚಲುಮನೆಯ ಸದ್ದು. ಮುನೀರನ ಮುಖ ಸಪ್ಪಗಾಯಿತು.

ಆದರೆ ಅವನು ಕೈಬಿಡಲಿಲ್ಲ. ಮೇಲಿನ ಮನೆಯ ಪಟಾಲಮ್ಮ ಬಟ್ಟೆ ಒಗೆದಾಗ ಒಮ್ಮೆ ಮೀಟಿ ನೋಡಿದ, ಎಲ್ಲರ ಸ್ನಾನ ಮುಗಿದ ಮೇಲೆ ಇನ್ನೊಮ್ಮೆ. ವಠಾರದವರು ಬಳಸಿ ನೀರು ಇಳಿದ ಹಾಗೆಲ್ಲ ನಾದದ ಬಾಲ ಬೆಳೆಯುತ್ತ ಬಂತು. ಭಾನುವಾರ ಮಧ್ಯಾಹ್ನ ನೀರು ಅರ್ಧಕ್ಕೆ ನಿಂತಿತ್ತು. ಒಂದು ಸ್ವರ ಮೀಟಿದ. ಅದು ಹೋಗಿ, ಸುತ್ತಿ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಸರಿದು ನಿಂತಿತು. ಹೆಡ್‌ಫೋನು ತೆಗೆದು ಮುನೀರ ಸುಭದ್ರಮ್ಮನವರ ಹತ್ತಿರ ಓಡಿದ.

"ಅಮ್ಮ, ಸ್ವಲ್ಪ ಹೊತ್ತು ಯಾರೂ ಮೋಟಾರ್ ಹಾಕ್ಬಾರ್ದು. ನೀರು ಹೀಗೇ ಇರ್ಬೇಕು."

ಅವನ ಮುಖದಲ್ಲಿ ಏನು ಕಂಡರೋ, ಸುಭದ್ರಮ್ಮ ಬೈಯಲಿಲ್ಲ. ಮೋಟಾರಿನ ಸ್ವಿಚ್ಚು ತಾವೇ ಆರಿಸಿ, ಪಟಾಲಮ್ಮನಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಸಂಪಿನ ಬಾಯಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು.

ಮುನೀರ ನುಡಿಸಿದ. ಛತ್ರಗಳಲ್ಲಿ ಅವಸರ ಮಾಡಿ ಮಾಡಿ ಪಳಗಿದ್ದ ಕೈ ಇಲ್ಲಿ ತಾನಾಗಿಯೇ ಕಾಯುವುದನ್ನು ಕಲಿಯಿತು. ನೆಲದ ಒಳಗಿಂದ ಯಾರೋ ತನಗೆ ಉತ್ತರ ಕೊಡುತ್ತಿದ್ದಾರೆ ಅನ್ನಿಸಿ ಭಯವೂ ಆಯಿತು, ಸುಖವೂ ಆಯಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಆಬಿದಾ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಇದು ನನ್ನ ಗಂಡನ ಗಿಟಾರಾ ಎಂದು ಅವಳ ಕಣ್ಣು ಕೇಳುತ್ತಿತ್ತು. ಕೊನೆಯ ಸ್ವರ ಮೀಟಿ ಅವನು ಕೈಯೆತ್ತಿದ. ನಾದ ನೀರಿನ ಮೇಲೆ ಜಾರುತ್ತ, ಸುತ್ತುತ್ತ, ಸಣ್ಣಗಾಗುತ್ತ ಹೋಯಿತು.

ಆಗ ಸುಭದ್ರಮ್ಮ ಸಂಪಿನ ಬಾಯಿಗೆ ಬಗ್ಗಿ, ಪಿಸುದನಿಯಲ್ಲಿ, "ಕೇಳಿಸ್ತೇನ್ರೀ?" ಅಂದರು.

ಹೆಡ್‌ಫೋನಿನಲ್ಲಿ ಆ ಮಾತು ಸಂಪೆಲ್ಲ ಸುತ್ತಿ ಬಂತು. ವಠಾರದಲ್ಲಿ ಎಲ್ಲರನ್ನೂ ನೀನು ಎಂದೇ ಮಾತಾಡಿಸುತ್ತಿದ್ದ ಸುಭದ್ರಮ್ಮ ರೀ ಎಂದು ಕರೆಯಬಹುದಾಗಿದ್ದವರು ಒಬ್ಬರೇ, ಆ ಸಂಪು ಅಗೆಸಿದವರು. ಮುನೀರ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ನುಡಿಸಬಹುದಿತ್ತು, ನೀರೂ ಇತ್ತು, ಹೊತ್ತೂ ಇತ್ತು. ಅವನು ವೈರು ಸುತ್ತಿಟ್ಟ.

ಸೋಮವಾರ ಲಕ್ಷ್ಮಿಕಾಂತ ಕಣ್ಣು ಮುಚ್ಚಿ ಕೇಳಿದ. ಕೊನೆಯಲ್ಲಿ ಕಣ್ಣು ಬಿಟ್ಟ.

"ಯಾರೋ ಮಾತಾಡಿದ್ದಾರಲ್ರೀ. ಕತ್ತರಿಸ್ಬಿಡ್ಲಾ?"

"ಕತ್ತರಿಸಿದ್ರೆ ನಾದದ ಬಾಲಾನೂ ಹೋಗುತ್ತೆ ಸರ್." ಮುನೀರ ಎದ್ದು ನಿಂತ. "ಅದು ಇರೋದಾದ್ರೆ ಇರ್ಲಿ. ಇಲ್ಲಾಂದ್ರೆ ಕೀಬೋರ್ಡೇ ಹಾಕ್ಕೊಳಿ."

ಲಕ್ಷ್ಮಿಕಾಂತ ಮತ್ತೊಮ್ಮೆ ಕೇಳಿದ. ಆಮೇಲೆ, "ಯಾವ ಹಾಲ್ ಗುರು ಇದು?" ಅಂದ.

"ಕಮ್ಮನಹಳ್ಳೀದು ಸರ್."

ಕ್ಯಾಸೆಟ್ಟು ಬಂದ ದಿನ ಮುನೀರ ಟೇಪ್‌ರೆಕಾರ್ಡರನ್ನು ಅಂಗಳಕ್ಕೆ ತಂದು ಆ ಹಾಡು ಹಾಕಿದ. ಸೊಪ್ಪು ಬಿಡಿಸುತ್ತ ಕೂತಿದ್ದ ಸುಭದ್ರಮ್ಮನವರಿಗೆ ತಮ್ಮದೇ ಪಿಸುಮಾತು ಕೇಳಿಸಿತು. ಅವರ ಕೈ ನಿಂತಿತು. ಬೈಗುಳಕ್ಕೆ ಸಿದ್ಧನಾಗಿ ಮುನೀರ ತಲೆ ತಗ್ಗಿಸಿದ.

"ನನ್ ಕಿವಿ ಮಂದ ಕಣಪ್ಪ," ಸೆರಗಿನಿಂದ ಮೂಗು ಒರೆಸಿಕೊಂಡು ಅವರು ಮೆಲ್ಲಗೆ ಕೇಳಿದರು. "ನಿನ್ನದು ಚುರುಕು. ನಾನು ಕೇಳಿದ್ದಕ್ಕೆ ಅವರು ಹೂಂ ಅಂತ ಏನಾದ್ರೂ ಅಂದ್ರಾ, ನೋಡು."

ಮುನೀರ ಟೇಪನ್ನು ಹಿಂದಕ್ಕೆ ತಿರುಗಿಸಿ, ಸದ್ದು ಪೂರ್ತಿ ಏರಿಸಿ, ಉಸಿರು ಬಿಗಿಹಿಡಿದು ಕಿವಿಯಿಟ್ಟು ಕೂತ.