ರೈಫಲ್ಲಿನ ಕಣ್ಣಿಗೆ ಕುಂಕುಮ

ಕೊರೊನಾ ಕಳೆದು ಶಾಲೆಗಳು ಮತ್ತೆ ಬಾಗಿಲು ತೆರೆದ ಮಾರನೆಯ ವರ್ಷದ ಮಾತು. ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾಗಿ ಮುಳಬಾಗಿಲಿಗೆ ಮರಳಿದ್ದ ನಾನು ಆಗ ಕೋಲಾರದ ಒಂದು ಸಣ್ಣ ಶೂಟಿಂಗ್ ಕ್ಲಬ್ಬಿನಲ್ಲಿ ತರಬೇತುದಾರನೂ ಕಾರ್ಯದರ್ಶಿಯೂ ಆಗಿದ್ದೆ. ಎರಡು ಹುದ್ದೆ ಎಂದಕೂಡಲೇ ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ಬೀಗ ತೆಗೆಯುವವನೂ ನಾನೇ, ಕಸ ಗುಡಿಸುವವನೂ ನಾನೇ.

ಹಿಂದೊಮ್ಮೆ ರೇಷ್ಮೆ ಮೊಟ್ಟೆ ತಯಾರಿಸುತ್ತಿದ್ದ ಹಳೆಯ ಕಟ್ಟಡದ ಉದ್ದನೆಯ ಹಾಲ್ ನಮ್ಮ ರೇಂಜ್. ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ, ಈ ಕಡೆ ಏರ್ ರೈಫಲ್. ಇದರಲ್ಲಿ ಮದ್ದು ಇರುವುದಿಲ್ಲ, ಗಾಳಿಯ ಒತ್ತಡಕ್ಕೆ ಪೆಲೆಟ್ ಎಂಬ ಸಣ್ಣ ಸೀಸದ ಚೂರು ಹಾರುತ್ತದೆ. ಗುರಿಯ ನಟ್ಟನಡುವಿನ ಚುಕ್ಕೆ ರಾಗಿಕಾಳಿಗಿಂತ ಚಿಕ್ಕದು. ಅದಕ್ಕೆ ಹೊಡೆಯುವುದು ತೋಳಿನ ಬಲದ ಕೆಲಸವಲ್ಲ, ಮೈಮನಸ್ಸು ಎರಡನ್ನೂ ಸುಮ್ಮನಿರಿಸುವ ಕೆಲಸ. ಇದನ್ನು ನಾನು ಎಷ್ಟು ಸಲ ಹೇಳಿದರೂ ಊರಿನವರಿಗೆ ನಾವು ‘ಬಂದೂಕಿನೋರು’ ಆಗಿಯೇ ಉಳಿದಿದ್ದೆವು.

ಮಕ್ಕಳಿಗೇನೂ ಬರವಿರಲಿಲ್ಲ. ಸಂಜೆಯಾದರೆ ಶಾಲೆ, ಕಾಲೇಜು ಮುಗಿಸಿ ಬರುತ್ತಿದ್ದರು. ಅವರಲ್ಲಿ ವಕ್ಕಲೇರಿಯ ನಂದಿನಿ ಎಂಬ ಹುಡುಗಿ ಮೊದಲ ಪಿಯುಸಿ. ಮಾತು ಕಡಿಮೆ, ಕೈ ಗಟ್ಟಿ. ಆ ವರ್ಷ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವಷ್ಟು ಅಂಕ ಅವಳಿಗೆ ಬರತೊಡಗಿತ್ತು. ಆದರೆ ಪಂದ್ಯಕ್ಕೆ ಹೆಸರು ಹೋಗಬೇಕಾದರೆ ಮಾನ್ಯತೆ ಇರುವ ಕ್ಲಬ್ಬಿನ ಮೂಲಕವೇ ಹೋಗಬೇಕು.

ಕುತ್ತಿಗೆಗೆ ಬಂದದ್ದು ಅಲ್ಲೇ. ಕಟ್ಟಡವನ್ನು ನಮಗೆ ಬಿಟ್ಟುಕೊಟ್ಟಿದ್ದ ಜಿಲ್ಲಾ ಕ್ರೀಡಾ ಸಮಿತಿಯವರು ಒಂದು ದಿನ ಕರೆದು ಕೂರಿಸಿ ನೇರವಾಗಿ ಹೇಳಿದರು. ಹದಿನೆಂಟು ತುಂಬಿದ ಇಪ್ಪತ್ತೈದು ಸದಸ್ಯರಾದರೂ ಇರಬೇಕು, ಹೆಸರಿಗಲ್ಲ, ಡಿಸೆಂಬರಿನ ಕ್ಲಬ್ ಪಂದ್ಯದಲ್ಲಿ ಅವರು ರೈಫಲ್ ಹಿಡಿದದ್ದನ್ನು ನಾವು ಕಣ್ಣಾರೆ ನೋಡಬೇಕು. ಇಲ್ಲವಾದರೆ ಕಟ್ಟಡ ಬೇರೆ ಕೆಲಸಕ್ಕೆ ಹೋಗುತ್ತದೆ. ಕಟ್ಟಡ ಹೋದರೆ ಮಾನ್ಯತೆ ಹೋಯಿತು, ಮಾನ್ಯತೆ ಹೋದರೆ ನಂದಿನಿಯ ಪಂದ್ಯವೂ ಹೋಯಿತು. ನಮ್ಮಲ್ಲಿದ್ದ ವಯಸ್ಕರು ಹದಿನೈದು ಮಂದಿ. ಅವರನ್ನು ಒಟ್ಟಿಗೆ ಸೇರಿಸುವುದೇ ಕಪ್ಪೆ ತೂಗಿದ ಹಾಗೆ.

ನಾನು ಮೋಟಾರು ಬೈಕು ಹತ್ತಿ ಹೊರಟೆ. ವೇಮಗಲ್ಲಿನ ಕಾರ್ಖಾನೆಗಳ ಗೇಟಿನಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ನಿಂತು ಕರಪತ್ರ ಹಂಚಿದೆ. ಶಿಫ್ಟ್ ಮುಗಿಸಿದವರಿಗೆ ಬಸ್ಸಿನ ಸೀಟು ಮುಖ್ಯ, ನನ್ನ ಕರಪತ್ರದಲ್ಲಿ ಕಡಲೆಕಾಯಿ ಸುತ್ತಿಕೊಂಡು ಹೋದರು. ಮಾಲೂರಿನಿಂದ ನಾಲ್ವರು ಯುವಕರು ಬಂದರು. ಬಲು ಉತ್ಸಾಹ. ವಿಚಾರಿಸಿದರೆ, ಅವರ ನಾಯಕನ ಹುಟ್ಟುಹಬ್ಬದ ಫ್ಲೆಕ್ಸಿಗೆ ರೈಫಲ್ ಹಿಡಿದ ಫೋಟೋ ಬೇಕಾಗಿತ್ತಂತೆ. ಬಾಗಿಲು ತೋರಿಸಿದೆ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ತೋಟದ ಯಜಮಾನರೊಬ್ಬರು ನನ್ನ ಭಾಷಣವನ್ನೆಲ್ಲ ತಾಳ್ಮೆಯಿಂದ ಕೇಳಿ ಕೊನೆಗೆ ಬಾಯಿಬಿಟ್ಟರು.

“ಅದೆಲ್ಲಾ ಸರಿ ಸಾರ್, ಒಂದ್ ಮೂರ್ ತಿಂಗ್ಳು ಬಂದ್ರೆ ಲೈಸೆನ್ಸ್ ಕೊಡಿಸ್ತೀರಾ? ತೋಟಕ್ಕೆ ಹಂದಿ ಕಾಟ ಜಾಸ್ತಿ ಆಗೈತೆ.”

“ನಮ್ ರೈಫಲ್ಲಲ್ಲಿ ಹಂದಿಗೆ ಹೊಡೆದ್ರೆ ಅದು ತಿರುಗಿ ನೋಡಿ ನಗುತ್ತೆ ಯಜಮಾನ್ರೇ” ಎಂದೆ.

ಅವರೂ ನಕ್ಕು ಟೀ ಕುಡಿಸಿ ಕಳಿಸಿದರು. ಸದಸ್ಯರು ಮಾತ್ರ ಆಗಲಿಲ್ಲ. ದಸರಾ ಬರುವ ಹೊತ್ತಿಗೆ ನನ್ನ ಚಪ್ಪಲಿ ಸವೆದದ್ದಷ್ಟೇ ಲಾಭ. ನಂದಿನಿ ಒಮ್ಮೆ, “ಸಾರ್, ನನ್ ಹೆಸ್ರು ಕಳ್ಸಕ್ಕೆ ಆಗುತ್ತಲ್ವಾ?” ಎಂದು ಕೇಳಿದಳು. “ಪ್ರಾಕ್ಟೀಸ್ ನೋಡ್ಕೋ ಹೋಗು” ಎಂದು ಗದರಿಸಿ ಕಳಿಸಿದೆ. ಉತ್ತರ ಗೊತ್ತಿಲ್ಲದಾಗ ಗದರುವುದು ನನ್ನ ಹಳೆಯ ಅಭ್ಯಾಸ.

ನಮ್ಮ ರೇಂಜಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮಕ್ಕಳನ್ನು ಕರೆತಂದ ತಂದೆತಾಯಿಯರು ಒಳಗೆ ಬರುವಂತಿರಲಿಲ್ಲ. ಬಂದರೆ ಗುರಿ ಹಿಡಿದ ಮಗುವಿಗೆ ಹಿಂದಿನಿಂದ “ಸರಿಯಾಗ್ ನೋಡು, ಬಗ್ಗು” ಎಂದು ಕೂಗುತ್ತಾರೆ. ಹಾಗಾಗಿ ಅವರೆಲ್ಲ ಹೊರಗಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ನಂದಿನಿಯ ತಾಯಿ ಮಂಜುಳಾ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಣ್ಣುಮಗಳು, ಸಂಜೆಯ ಹಾಲನ್ನು ಯಜಮಾನರಿಗೆ ಬಿಟ್ಟು ಬಂದು ಸೊಪ್ಪು ಬಿಡಿಸುತ್ತ ಕಾಯುತ್ತಿದ್ದರು. ಟಾಟಾ ಏಸ್ ಓಡಿಸುವ ಮುನಿರಾಜು ಗಾಡಿಯಲ್ಲೇ ನಿದ್ದೆ ತೆಗೆಯುತ್ತಿದ್ದ. ಆವನಿ ಕಡೆಯ ಚೌಡಮ್ಮ ಮೊಮ್ಮಗನನ್ನು ಕರೆತರುತ್ತಿದ್ದ ಅಜ್ಜಿ. ಅರ್ಧ ಕನ್ನಡ, ಅರ್ಧ ತೆಲುಗು, ಬಾಯಿ ಮಾತ್ರ ಪೂರ್ತಿ.

ಆಯುಧಪೂಜೆ ಬಂತು. ಪ್ರತಿವರ್ಷ ನಾವು ನಾಲ್ಕೈದು ಜನ ಸದಸ್ಯರೇ ರೈಫಲ್‌ಗಳಿಗೆ ಒಂದೊಂದು ಹೂವಿಟ್ಟು ಮುಗಿಸುತ್ತಿದ್ದೆವು. ಆ ಸಲ ಸದಸ್ಯರೆಲ್ಲ ತಂತಮ್ಮ ಅಂಗಡಿ, ಕಾರುಗಳ ಪೂಜೆಗೆ ಹೋಗಿದ್ದರು. ನಾನೊಬ್ಬನೇ ಏನು ಮಾಡಲಿ? ಗಾಳಿಯ ಸಿಲಿಂಡರ್‌ಗಳನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿ, ರೈಫಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮರದ ಕೆಳಗಿದ್ದವರನ್ನು ಕರೆದೆ. ಬೂದುಗುಂಬಳಕಾಯಿ, ಕಡ್ಲೆಪುರಿ ತರುವುದಿತ್ತು. “ನಾನು ಬರೋಷ್ಟರಲ್ಲಿ ಸ್ವಲ್ಪ ಅಲಂಕಾರ ಮಾಡಿಡಿ” ಎಂದು ಹೇಳಿ ಪೇಟೆಗೆ ಹೋದೆ.

ಕುಂಬಳಕಾಯಿ ಹಿಡಿದು ಬಂದು ನೋಡಿದೆ. ರೈಫಲ್‌ಗಳ ಮೈತುಂಬ ವಿಭೂತಿ. ನಳಿಕೆಯ ತುದಿಗೆಲ್ಲ ಒಂದೊಂದು ನಿಂಬೆಹಣ್ಣು ಚುಚ್ಚಿ ನಿಲ್ಲಿಸಿದ್ದರು, ರಸ ಒಳಕ್ಕೆ ಇಳಿಯುತ್ತಿತ್ತು. ಅದೂ ಹೋಗಲಿ. ರೈಫಲ್ಲಿನ ಹಿಂಬದಿಯಲ್ಲಿ ಪೀಪ್ ಸೈಟ್ ಎಂದು ಇರುತ್ತದೆ, ಕಣ್ಣಿಟ್ಟು ಗುರಿ ನೋಡುವ ಸೂಜಿರಂಧ್ರದಷ್ಟು ಸಣ್ಣ ತೂತು. ಪ್ರತಿಯೊಂದರಲ್ಲೂ ಆ ತೂತಿಗೇ ಸರಿಯಾಗಿ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟು ಒತ್ತಿದ್ದರು.

“ಯಾರ್ರೀ ಇದನ್ನ ಮಾಡಿದ್ದು? ಬುದ್ಧಿ ಇದೆಯಾ ನಿಮಗೆ?” ಪರೇಡ್ ಮೈದಾನದಲ್ಲಿ ಕೂಗುವ ಧ್ವನಿಯಲ್ಲೇ ಕೂಗಿದೆ.

ಮಂಜುಳಾ ಸೆರಗಿನ ತುದಿ ಹಿಡಿದು ಮುಂದೆ ಬಂದರು. “ನಾನೇ ಸಾರ್. ಹೊಲಿಗೆ ಮಿಷನ್‌ಗೆ ಸೂಜಿ ಹತ್ರ ಇಡ್ತೀವಿ, ಗಾಡಿಗೆ ಲೈಟ್ ಮೇಲೆ ಇಡ್ತೀವಿ. ಇದ್ರ ಕಣ್ಣು ಇಲ್ಲೈತೆ ಅಂತ ನಂದಿನಿ ಹೇಳಿದ್ಲು. ಕಣ್ಣಿಗೇ ಬೊಟ್ಟಿಡ್ದಿದ್ರೆ ಪೂಜೆ ಹೆಂಗಾಗುತ್ತೆ?”

ಚೌಡಮ್ಮ ನನ್ನ ಕೈಯಿಂದ ಕುಂಬಳಕಾಯಿ ಇಸಿದುಕೊಂಡರು. “ಯಾಕ್ ಸಾಮಿ ಅಂಗ್ ಅರಚ್ತೀಯ? ಮೆತ್ತಿದೋರೂ ನಾವೇ, ತೆಗಿಯೋರೂ ನಾವೇ. ಎಟ್ಲಾ ತೆಗೀಬೇಕು ಚೆಪ್ಪು, ಹೇಳು ಮೊದ್ಲು.”

ಪೂಜೆ ಮುಗಿಯಿತು, ಶುಚಿ ಮಾಡುವ ಕೆಲಸ ಆರಂಭವಾಯಿತು. ನಳಿಕೆ ಒರೆಸುವುದನ್ನು ನಾನೂ ಮುನಿರಾಜುವೂ ವಹಿಸಿಕೊಂಡೆವು. ಸೈಟ್‌ಗಳನ್ನು ಬಿಚ್ಚಿ ಹೆಂಗಸರ ಮುಂದಿಟ್ಟೆ. ದೀಪಕ್ಕೆ ತಂದಿದ್ದ ಹೂಬತ್ತಿಯನ್ನು ತೆಳ್ಳಗೆ ಹೊಸೆದು ತೂತಿನೊಳಗೆ ತೂರಿಸಿ ಎಳೆದರು. ಪೂರ್ತಿ ಬಿಟ್ಟಿತೋ ಇಲ್ಲವೋ ತಿಳಿಯಬೇಕಾದರೆ ಸೈಟನ್ನು ರೈಫಲ್ಲಿಗೆ ಕೂರಿಸಿ, ಕಣ್ಣಿಟ್ಟು, ಹತ್ತು ಮೀಟರಿನ ಗುರಿಯನ್ನು ನೋಡಲೇಬೇಕು. ಒಬ್ಬೊಬ್ಬರನ್ನೇ ಕರೆದು ನೋಡಿಸಿದೆ.

ಮಂಜುಳಾ ನೋಡಿದರು. ಕಣ್ಣು ತೆಗೆಯಲೇ ಇಲ್ಲ.

“ಕಾಣ್ತಾ?” ಎಂದೆ.

“ರೌಂಡಿನೊಳ್ಗೆ ಒಂದ್ ರೌಂಡು, ಅದ್ರೊಳ್ಗೆ ಕರೀ ಚುಕ್ಕೆ. ಅಯ್ಯೋ, ಓಡಾಡ್ತೈತೆ ಸಾರ್ ಅದು!”

“ಅದು ಓಡಾಡಲ್ಲಮ್ಮ. ಓಡಾಡ್ತಿರೋದು ನೀವು.”

ಆ ಚುಕ್ಕೆಯನ್ನು ನಿಲ್ಲಿಸಲು ಮತ್ತೆ ಮತ್ತೆ ನೋಡಿದರು. ಹಿಂದೆ ಸಾಲು ಬೆಳೆಯಿತು. “ಬೇಗ ಬಾರೇ, ನಾವೂ ನೋಡ್ಬೇಕು” ಎಂದು ಚೌಡಮ್ಮ ಬೆನ್ನಿಗೆ ತಿವಿದರು. ಶುಚಿಯಾದ ರೈಫಲ್ ಸರಿಯಿದೆಯೇ ಎಂದು ಹೊಡೆದು ನೋಡುವುದು ಹೇಗೂ ಇತ್ತು. ಎಲ್ಲರನ್ನೂ ಗೆರೆಯ ಹಿಂದೆ ನಿಲ್ಲಿಸಿ, ಸಿಲಿಂಡರ್ ಹಾಕಿ, ನಾನೊಂದು ಹೊಡೆದೆ.

“ನಾನೂ ಒಂದ್ ಹೊಡೀಲಾ ಸಾರ್?” ಮಂಜುಳಾ ಕೇಳಿದರು.

ಅವರ ಮೊದಲ ಪೆಲೆಟ್ ಗುರಿಯ ಕಾಗದಕ್ಕೂ ತಾಗಲಿಲ್ಲ. ಎರಡನೆಯದು ಮೂಲೆ ಹರಿಯಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಂದಿನಿ ತಾಯಿಯ ಪಕ್ಕ ಬಂದು ನಿಂತು, ಅವರ ಎಡಗಾಲನ್ನು ತನ್ನ ಕಾಲಿನಿಂದ ಮೆಲ್ಲಗೆ ಸರಿಸಿ, ಸೊಂಟ ಹಿಡಿದು ನಿಲ್ಲಿಸಿದಳು. “ಹಿಂಗ್ ನಿಂತ್ಕೊಳಮ್ಮ” ಎಂದಳು. ಆಗ ನನ್ನ ತಲೆಗೆ ಹೊಳೆಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಹದಿನೆಂಟು ತುಂಬಿದವರಿಗಾಗಿ ನಾನು ನಾಲ್ಕು ತಾಲ್ಲೂಕು ಸುತ್ತುತ್ತಿದ್ದರೆ, ಅವರು ದಿನಾ ನನ್ನ ಬಾಗಿಲಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದರು.

ಅಲ್ಲಿಂದ ಕೆಲಸದ ರೀತಿಯನ್ನೇ ಬದಲಿಸಿದೆ. ದೊಡ್ಡವರ ತರಬೇತಿಯನ್ನು ಬೆಳಗಿನ ಹಾಲು ಡೇರಿಗೆ ಹಾಕಿದ ಮೇಲೆ, ಸಂಜೆಯ ಹಾಲು ಕರೆಯುವ ಮುಂಚೆ ಇಟ್ಟೆ. ಸೀರೆಯ ಮೇಲೆ ಶೂಟಿಂಗ್ ಜಾಕೆಟ್ ಹಾಕಿಕೊಳ್ಳಲು ನಾಚಿದವರಿಗೆ ಮೊದಲು ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಕೂತು ಹೊಡೆಯುವುದನ್ನು ಕಲಿಸಿದೆ. ಮನೆಯವರು ಬಂದು ನೋಡಲಿ ಎಂದು ಬಾಗಿಲು ತೆರೆದಿಟ್ಟೆ. ಮಂಜುಳಾ ಅವರ ಯಜಮಾನರು ಒಂದು ದಿನ ಸಿಟ್ಟಿನಲ್ಲೇ ಬಂದರು. “ಮನೇಲಿ ಒಬ್ಳು ಸಾಲ್ದು ಅಂತ ಇಬ್ರಿಗೂ ತುಪಾಕಿ ಕೊಟ್ರಾ ಸಾರ್?” ಎಂದು ಕೇಳಿದರು. ಅವರ ಕೈಗೂ ಒಂದು ಕೊಟ್ಟೆ. ಮರುವಾರ ಅವರೂ ಬಂದರು.

ಒಬ್ಬರು ಇನ್ನೊಬ್ಬರನ್ನು ಕರೆತಂದರು. ಹಾಲಿನ ಡೇರಿಯ ಮುಂದೆ ಕ್ಯಾನ್ ಇಟ್ಟು ನಿಂತಾಗ ಆಡುವ ಮಾತು, ಭಾಷಣಕ್ಕಿಂತ ದೂರ ಹೋಗುತ್ತದೆ. ಆದರೂ ಡಿಸೆಂಬರಿನ ಪಂದ್ಯದ ಬೆಳಿಗ್ಗೆ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು. ಬರುತ್ತೇನೆಂದಿದ್ದ ಹಳೆಯ ಸದಸ್ಯರೊಬ್ಬರು ಮದುವೆಗೆ ಹೋಗಿದ್ದರು. ಸಮಿತಿಯ ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ನಂದಿನಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು.

ಚೌಡಮ್ಮ ಅಷ್ಟೂ ದಿನ ನೋಡಿ ನಕ್ಕವರೇ ಹೊರತು, “ನಂಗ್ಯಾಕೆ ಈ ವಯಸ್ಸಲ್ಲಿ” ಎಂದು ಸದಸ್ಯೆ ಆಗಿರಲಿಲ್ಲ. ಅವತ್ತು ನನ್ನ ಮುಖ ನೋಡಿದರು, ಮೊಮ್ಮಗನ ಮುಖ ನೋಡಿದರು, ಎದ್ದರು. ಮೊಮ್ಮಗನಿಗಾಗಿ ಕಾಯುತ್ತಾ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಅವರೂ ಆಗಾಗ ಹೊಡೆದು ನೋಡಿದ್ದು ನನಗೆ ಗೊತ್ತಿತ್ತು. ಸದಸ್ಯತ್ವದ ಅರ್ಜಿಗೆ ಅಲ್ಲೇ ಸಹಿ ಹಾಕಿ ಮೇಜಿನ ಮುಂದೆ ಕೂತರು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, “ಇವರೂ ಸದಸ್ಯರಾ?” ಎಂದರು.

ಚೌಡಮ್ಮ ಗುರಿಯಿಂದ ಕಣ್ಣು ತೆಗೆಯದೆಯೇ ಉತ್ತರ ಕೊಟ್ಟರು. “ಯಾಕ್ ನಾಯ್ನಾ, ಹದಿನೆಂಟು ತುಂಬ್ದೋಳ್ ತರ ಕಾಣಲ್ವಾ ನಾನು?”

ಹಾಲ್ ಪೂರ್ತಿ ನಕ್ಕಿತು, ಅಧಿಕಾರಿಯೂ ನಕ್ಕರು. ಕಟ್ಟಡ ನಮ್ಮದಾಗಿಯೇ ಉಳಿಯಿತು. ನಂದಿನಿಯ ಹೆಸರನ್ನು ಪಂದ್ಯಕ್ಕೆ ಕಳಿಸಿದ ಸಂಜೆ ನಾನು ಬೀಗ ಹಾಕುವಾಗ ಯಾರೂ ಇಲ್ಲದ್ದು ನೋಡಿಕೊಂಡು ಕಣ್ಣೊರೆಸಿಕೊಂಡೆ.

ರಾಜ್ಯಮಟ್ಟದಲ್ಲಿ ಅವಳು ಪದಕ ಗೆಲ್ಲಲಿಲ್ಲ. ಮೊದಲಿನಿಂದ ಚೆನ್ನಾಗಿ ಹೊಡೆದು ಕೊನೆಯ ಸುತ್ತಿನಲ್ಲಿ ಜಾರಿದಳು. ಉಸಿರನ್ನು ಅರ್ಧ ಬಿಟ್ಟು, ಹಗುರವಾಗಿ ತಡೆದು, ಟ್ರಿಗರ್ ಒತ್ತಬೇಕು. ಆಸೆಗೆ ಬಿದ್ದು ಹೆಚ್ಚು ಹೊತ್ತು ಬಿಗಿಹಿಡಿದರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ತಾಯಿಯ ಫೋನ್ ಬಂತು. ಹುಡುಗಿಯ ಮುಖ ಇನ್ನಷ್ಟು ಸಣ್ಣಗಾಯಿತು. ಎಷ್ಟನೇ ನಂಬರ್ ಬಂತು ಎಂದು ಕೇಳುತ್ತಾರೆ, ಸೋತೆ ಎನ್ನಬೇಕು. ಸ್ಪೀಕರ್ ಒತ್ತಿ ಫೋನನ್ನು ನನ್ನ ಕಡೆಗೇ ಚಾಚಿದಳು.

ಮಂಜುಳಾ ನಂಬರ್ ಕೇಳಲಿಲ್ಲ. “ಲಾಸ್ಟಲ್ಲಿ ಉಸ್ರು ಬಿಗಿ ಹಿಡ್ಕೊಂಡ್‌ಬಿಟ್ಯೇನೇ?” ಎಂದರು.

ನಂದಿನಿ ಫೋನನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡಳು. “ಹೂಂ ಕಣಮ್ಮ. ನಿಂಗ್ ಹೆಂಗ್ ಗೊತ್ತಾಯ್ತು?”

“ನಂಗೂ ಹಂಗೇ ಆಗ್ತೈತೆ ಕಣೇ.”

ಹುಡುಗಿ ಅಳುತ್ತಳುತ್ತಲೇ ನಕ್ಕಳು. ಆಮೇಲೆ ಇಬ್ಬರೂ ಬಹಳ ಹೊತ್ತು ಉಸಿರಿನ ಬಗ್ಗೆ, ಟ್ರಿಗರಿನ ಬಗ್ಗೆ ಮಾತಾಡಿದರು. ನಾನು ಎದ್ದು ಟೀ ತರಲು ಹೋದೆ. ಕ್ಲಬ್ಬು ಉಳಿಯಲಿ ಎಂದು ಸದಸ್ಯರನ್ನು ಹುಡುಕಿ ಹೊರಟವನು ನಾನು. ಆದರೆ ಸದಸ್ಯರು ಯಾಕೆ ಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ಮೆಟ್ಟಿಲ ಮೇಲಿನ ಫೋನು. ಸೋತ ದಿನ ಮಗುವಿನ ಕಷ್ಟ ಅರ್ಥವಾಗುವ ಒಬ್ಬರಾದರೂ ಮನೆಯಲ್ಲಿರಬೇಕು.