ಹೆಸರು ತೆಗೆಸಲು ಹೋದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಬೆಳೆದದ್ದು ಸೇವಂತಿ. ಸರ್ಕಾರದ ಲೆಕ್ಕದಲ್ಲಿ ಅದು ಹೆಸರುಕಾಳು.

ನಗಬೇಡಿ. ನಾನು ನಕ್ಕು ಬೈಸಿಕೊಂಡಿದ್ದೇನೆ.

ಚಿಕ್ಕಮ್ಮ ಅಂದರೆ ಕೆಂಚಾರ್ಲಹಳ್ಳಿಯ ನಾರಾಯಣಮ್ಮ. ಎರಡು ಎಕರೆ ಜಮೀನು, ಪಹಣಿ ಆಕೆಯ ಹೆಸರಲ್ಲೇ ಇದೆ. (ಹೌದು, ಆಕೆಯದೇ. ಯಾಕೆ, ಆಶ್ಚರ್ಯವೇ?) ಅದರಲ್ಲಿ ಅರ್ಧ ಎಕರೆಗೆ, ಅಂದರೆ ಇಪ್ಪತ್ತು ಗುಂಟೆಗೆ, ಹಳದಿ ಸೇವಂತಿ ಹಾಕಿದ್ದಳು. ಹೂವು ಬಿರಿಯುವ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್ ಬಂತು. ಮಾರ್ಕೆಟ್ ಬಂದ್, ಮದುವೆ ಬಂದ್, ದೇವಸ್ಥಾನದ ಬಾಗಿಲೂ ಬಂದ್. ಇನ್ನು ಹೂವು ಯಾರಿಗೆ ಬೇಕು? ಅಷ್ಟನ್ನೂ ತಾನೇ ಕಿತ್ತು ತಿಪ್ಪೆಗೆ ಸುರಿದಳು. ‘ಆವತ್ತು ಊಟ ಸೇರ್ಲಿಲ್ಲ ಕಣಪ್ಪ’ ಅಂದಿದ್ದಳು ಫೋನಿನಲ್ಲಿ.

ಆಮೇಲೆ ಹೂವು ಬೆಳೆದವರಿಗೆ ಸರ್ಕಾರ ಕೊರೊನಾ ಪರಿಹಾರ ಘೋಷಿಸಿತು. ಊರಿನ ಪಟ್ಟಿ ಬಂತು. ಅದರಲ್ಲಿ ಚಿಕ್ಕಮ್ಮ ಇಲ್ಲ. ವಿಚಾರಿಸಿದರೆ, ಬೆಳೆ ಸಮೀಕ್ಷೆಯಲ್ಲಿ ಆಕೆಯ ಜಮೀನಿನ ಮುಂದೆ ‘ಹೆಸರು’ ಅಂತ ಇದೆಯಂತೆ.

ಆಗಿದ್ದಿಷ್ಟು. ಸಮೀಕ್ಷೆಯವನು ಕೊರೊನಾ ಭಯಕ್ಕೆ ಹೊಲಕ್ಕೆ ಬಾರದೆ ಫೋನ್ ಮಾಡಿ ‘ಬೆಳೆ ಹೆಸರು?’ ಅಂತ ಕೇಳಿದ್ದಾನೆ. ‘ಬೆಳೆ ಹೆಸರಾ?’ ಅಂತ ಈಕೆ ತಿರುಗಿ ಕೇಳಿದ್ದಾಳೆ. ಸಿಗ್ನಲ್ ಹೋಗಿದೆ. ಅವನು ಹೆಸರು ಅಂತಲೇ ಬರೆದು ಕೈ ತೊಳೆದುಕೊಂಡಿದ್ದಾನೆ. (ಕೊರೊನಾ ಕಾಲ, ಕೈ ತೊಳೆಯಲೇಬೇಕಲ್ಲ.)

ಚಿಕ್ಕಬಳ್ಳಾಪುರದಲ್ಲಿದ್ದ ನನಗೆ ಬುಲಾವ್ ಬಂತು. ‘ಪೇಪರಲ್ಲಿ ಏನೇನೋ ಬರೀತೀಯಲ್ಲ, ಬಂದು ಒಂದು ಅರ್ಜಿ ಬರ್ಕೊಡು.’

ಇಬ್ಬರೂ ಮಾಸ್ಕ್ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋದೆವು. ನಾನು ಅರ್ಜಿ ಚಾಚಿದೆ. ಆಕೆ ಚೀಲದಿಂದ ಬೇರುಸಮೇತ ಒಂದು ಸೇವಂತಿ ಗಿಡ ತೆಗೆದು ಗುಮಾಸ್ತರ ಮೇಜಿನ ಮೇಲಿಟ್ಟಳು. ಗಿಡ ಒಣಗಿತ್ತು. ತುದಿಯಲ್ಲಿ ಎರಡು ಹೂವು ಮಾತ್ರ ಇನ್ನೂ ಹಳದಿಯಾಗೇ ಇದ್ದವು.

‘ಇದು ಹೆಸರುಕಾಳಾ? ನೋಡಿ ಹೇಳಿ ಸಾರ್. ಕಾಸು ತಡವಾದ್ರೆ ಆಗ್ಲಿ. ನಾನು ಹೂವೇ ಬೆಳ್ದಿಲ್ಲ ಅಂತ ಬರ್ಕೊಂಡ್ರೆ ಹೆಂಗೆ?’

ಗುಮಾಸ್ತರು ಮೃದು ಮನುಷ್ಯ. ಅರ್ಜಿಯ ಕೆಳಗೆ ಹಾಕಿಸಿದ್ದ ಅಕ್ಕಪಕ್ಕದ ಹೊಲದವರ ಸಹಿ ನೋಡಿದರು, ತಿದ್ದುಪಡಿಗೆ ಕಳಿಸುತ್ತೇನೆ ಅಂದರು. ಆಮೇಲೆ ದನಿ ತಗ್ಗಿಸಿದರು. ‘ಹೆಂಗೂ ತಿದ್ದೋದೇ. ಎರಡೆಕ್ರೆಗೂ ಸೇವಂತಿ ಅಂತ ಬರ್ಕೊಳ್ಳಲಾಮ್ಮ? ಪಾಪ, ನಿಮ್ಗೂ ಲಾಸ್ ಆಗಿದೆ.’

ನಿಜ ಹೇಳಿಬಿಡುತ್ತೇನೆ. ‘ಹೂಂ ಅನ್ನು’ ಅಂತ ನಾನು ಚಿಕ್ಕಮ್ಮನನ್ನು ಮೊಣಕೈಯಿಂದ ತಿವಿದೆ.

ಆಕೆ ನನ್ನ ಕಡೆ ತಿರುಗಲೂ ಇಲ್ಲ.

‘ಮಿಕ್ಕಿದ್ ಒಂದೂವರೆ ಎಕ್ರೇಲಿ ರಾಗಿ ಹಾಕಿದ್ದೆ ಸಾರ್. ಅದು ಮನೇಲೈತೆ, ದಿನಾ ಮುದ್ದೆ ತಿಂತಾ ಇದೀವಿ. ತಿಂದಿದ್ದಕ್ಕೂ ಪರಿಹಾರ ಇಸ್ಕೊಳ್ಳಾ? ಹೆಸರು ತೆಗ್ಸೋಕ್ ಬಂದು ಹೆಸರು ಕೆಡಿಸ್ಕೊಂಡ್ ಹೋಗ್ಲಾ? ಅರ್ಧ ಎಕ್ರೆ ಅಂತ ಬರೀರಿ.’

ಗುಮಾಸ್ತರು ಹಾಗೇ ಬರೆದುಕೊಂಡು, ಗಿಡವನ್ನು ಜೋಪಾನವಾಗಿ ಎತ್ತಿ ವಾಪಸ್ ಕೊಟ್ಟರು.

ಹೊರಗೆ ಬಂದಾಗ ನನಗೋ ಹೆಮ್ಮೆ ತಡೆಯಲಾಗಲಿಲ್ಲ. ಇವಳು ನಮ್ಮ ಚಿಕ್ಕಮ್ಮ ಕಣ್ರೀ ಅಂತ ಮೆಟ್ಟಿಲ ಮೇಲೆ ನಿಂತು ಸಾಲಿನಲ್ಲಿದ್ದವರಿಗೆಲ್ಲ ಹೇಳಬೇಕು ಅನ್ನಿಸಿತು. ಹೇಳುವ ಮೊದಲೇ ಆಕೆ ಕೇಳಿದಳು, ‘ಒಳಗೆ ಯಾಕೋ ತಿವಿದೆ?’

ನಾನು ಬಸ್ ಬಂತಾ ಅಂತ ನೋಡಿದೆ.

ನಿನ್ನೆ ಬೆಳಗ್ಗೆ ಫೋನ್ ಬಂತು. ತಿದ್ದಿದ ಪಟ್ಟಿ ಬಂದಿದೆ. ‘ಕಾಸು ಬಂತಾ ಚಿಕ್ಕಮ್ಮ?’ ಅಂದೆ.

‘ಬರ್ತದೆ ಬಿಡು. ಮೊದ್ಲು ಇದು ಕೇಳು’ ಅಂದವಳೇ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು. ‘ನಾರಾಯಣಮ್ಮ. ಸೇವಂತಿ. ಇಪ್ಪತ್ತು ಗುಂಟೆ.’ ಇನ್ನೊಂದು ಸಲ ಓದಿದಳು. ನಾನೂ ಇನ್ನೊಂದು ಸಲ ಕೇಳಿದೆ.

ವಾರವಾರ ಈ ಅಂಕಣದ ನೆತ್ತಿಯ ಮೇಲೆ ನನ್ನದೂ ಅಚ್ಚಾಗುತ್ತದಲ್ಲ, ಅದು ಹೆಸರೋ, ಬರೀ ಹೆಸರುಕಾಳೋ?